ಕೂಗಿ ಹೇಳುವಷ್ಟು ಕಾನೂನು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಜೈಲಿಗೆ ತಮ್ಮವರನ್ನು ನೋಡಲು ಬಂದವರ ಸಾಲು ಆಗಲೇ ಗೋಡೆ ಹಿಡಿದು ನಿಂತಿದೆ. ಅವರ ಚೀಲ, ಮೊಬೈಲುಗಳನ್ನು ಇಟ್ಟುಕೊಂಡು ಟೋಕನ್ ಕೊಡುವ ಹೆಂಗಸು ಒಬ್ಬ ತಾಯಿಯ ಮುಂದೆ ನಿಂತು ಗಂಟಲು ಸರಿಮಾಡಿಕೊಳ್ಳುತ್ತಾರೆ.

“ಮಗನಿಗೆ ಕೂಗಬೇಕಾದ್ದನ್ನ ನನ್ನ ಹಿಂದೇನೇ ಹೇಳಿ. ಮೇಲ್ಮನವಿ ಅರ್ಜಿ ಕೇಳು.”

“ಮೇಲ್ಮನವಿ ಅರ್ಜಿ ಕೇಳು,” ತಾಯಿ ಪಿಸುಗುಡುತ್ತಾರೆ.

“ಇವತ್ತೇ ಸಹಿ ಹಾಕು. ವಕೀಲರಿಗೆ ದುಡ್ಡು ಬೇಡ. ಜೋರಾಗಿ ಅಮ್ಮಾ! ಬಸ್ಸು ಹೊರಟಾಗ ಯಜಮಾನ್ರನ್ನ ಕೂಗ್ತೀರಲ್ಲ, ಹಾಗೆ.”

“ಅವರು ಕೂಗಿದ ತಕ್ಷಣ ಯಾವತ್ತು ಬಂದಿದ್ದಾರೆ?”

ಸಾಲು ನಗುತ್ತದೆ. ತಾಯಿಯೂ ಒಂದು ಗಳಿಗೆ ನಗುತ್ತಾರೆ. ಅವರ ಮಗನಿಗೆ ಶಿಕ್ಷೆಯಾಗಿದೆ. ಮೇಲಿನ ಕೋರ್ಟಿಗೆ ಹೋಗಲು ನಾಳೆಯೇ ಕೊನೆಯ ದಿನ. ಜೈಲಿನ ಕಚೇರಿಯಿಂದಲೇ ಅರ್ಜಿ ಕಳಿಸಬಹುದು ಎಂಬುದು ಅವನಿಗೆ ಗೊತ್ತಿಲ್ಲ.

ಗೇಟಿನ ಬಳಿ ಎಲ್ಲರೂ ಈ ಹೆಂಗಸನ್ನು ಚೀಲದಕ್ಕ ಎನ್ನುತ್ತಾರೆ. ಒಳಗಿನ ಭೇಟಿ ಕೋಣೆಯಲ್ಲಿ ಎರಡು ಜಾಲರಿ, ನಡುವೆ ಕಾವಲುಗಾರ ಓಡಾಡುವ ಓಣಿ. ಚೀಟಿ ಕೊಟ್ಟರೆ ತಪಾಸಣೆ ಮುಗಿದು ಕೈಸೇರಲು ವಾರ ಹಿಡಿಯುತ್ತದೆ. ಎಲ್ಲರೂ ಒಟ್ಟಿಗೆ ಕೂಗುವ ಗದ್ದಲದಲ್ಲಿ ಉದ್ದದ ಮಾತು ಆಚೆ ದಾಟುವುದಿಲ್ಲ. ಅದಕ್ಕೇ ಅಕ್ಕ ಕಾನೂನನ್ನು ಒಂದೇ ಉಸಿರಿಗೆ ಕೂಗುವಷ್ಟು ಚಿಕ್ಕದಾಗಿ ಮುರಿದು ಕೊಡುತ್ತಾರೆ. ತಿಳಿಯದ್ದನ್ನು ಉಚಿತ ಕಾನೂನು ನೆರವಿನ ಕಚೇರಿಯ ಗುಮಾಸ್ತರನ್ನು ಕೇಳಿಕೊಂಡು ಬರುತ್ತಾರೆ. ದಿನಕ್ಕೆ ಹತ್ತಿಪ್ಪತ್ತು ಜನ ಹೀಗೆ ಕಲಿತು ಒಳಗೆ ಹೋಗುತ್ತಾರೆ.

“ನನ್ನ ತಮ್ಮನೂ ಇಲ್ಲೇ ಇದ್ದ. ವಕೀಲರನ್ನ ಹುಡುಕ್ಕೊಂಡು ನಾನು ಊರೆಲ್ಲ ಅಲೆದೆ, ದಿನ ಮೀರಿಹೋಯ್ತು. ತಡವಾದ್ರೂ ಕಾರಣ ಹೇಳಿ ಕೇಳ್ಕೋಬಹುದು ಅಂತ ಆಮೇಲೆ ಗೊತ್ತಾಯ್ತು. ಅಷ್ಟರಲ್ಲಿ ಜ್ವರ ಬಂದು ಜೈಲಲ್ಲೇ ತೀರ್ಹೋದ.” ಹೇಳುತ್ತಲೇ ಅಕ್ಕ ಒಂದು ಚೀಲದ ಬಾಯಿ ಕಟ್ಟುತ್ತಾರೆ. ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟುತ್ತಾರೆ.

ಭೇಟಿ ಮುಗಿಸಿ ತಾಯಿ ಹೊರಬರುತ್ತಾರೆ, ಅಂಗೈ ಬಾಯಿಗೆ ಅಡ್ಡ.

“ಹೇಳಿದ್ರಾ?”

“ಸೊರಗಿಹೋಗಿದ್ದಾನೆ ಕಣಮ್ಮ. ಊಟ ಆಯ್ತಾ ಅಂದೆ, ನಿದ್ದೆ ಬರುತ್ತಾ ಅಂದೆ. ಗಂಟೆ ಹೊಡೆದ್ಬಿಟ್ರು.”

ಅಕ್ಕ ಬೈಯುವುದಿಲ್ಲ. ಸಾಲಿನತ್ತ ತಿರುಗುತ್ತಾರೆ. “ಇವರ ಮಗ ಇರೋ ಮೂರನೇ ಬ್ಯಾರಕ್ಕಲ್ಲಿ ನಿಮ್ಮೋರು ಯಾರಿದ್ದಾರೆ?”

ಕೂಸು ಎತ್ತಿಕೊಂಡ ಹೆಣ್ಣುಮಗಳೊಬ್ಬಳು ಕೈ ಎತ್ತುತ್ತಾಳೆ. ಅವಳ ಗಂಡ ಇವತ್ತು ಮೊದಲ ಸಲ ಮಗುವಿನ ಮುಖ ನೋಡಬೇಕು. ಆದರೂ ತಾಯಿಯಿಂದ ಮಗನ ಹೆಸರು ಕೇಳಿಕೊಂಡು, ಮೂರು ಮಾತನ್ನೂ ಬಾಯಿಪಾಠ ಮಾಡಿಕೊಂಡು ಒಳಗೆ ಹೋಗುತ್ತಾಳೆ.

ಬರುವಾಗ ಅವಳ ದನಿ ಒಡೆದಿದೆ. “ಎಷ್ಟು ಕೂಗಿದ್ರೂ ಕೇಳಿಸ್ತಿರಲಿಲ್ಲ. ಕೊನೆಗೆ ನಮ್ಮನೆಯವರಿಗೆ ತಿಳೀತು. ನಿಮ್ಮ ಮಗನನ್ನ ಈಗಲೇ ಕಚೇರಿಗೆ ಕರ್ಕೊಂಡು ಹೋಗ್ತೀನಿ ಅಂದ್ರು.”

“ಮಗೂನ ನೋಡಿದ್ರಾ ಅವರು?” ಅಕ್ಕ ಕೇಳುತ್ತಾರೆ.

“ಗದ್ದಲಕ್ಕೆ ಬೆದರಿ ನನ್ನ ಹೆಗಲಲ್ಲೇ ಮುಖ ಹುದುಗಿಸ್ಕೊಂಡಿತ್ತು. ತಿರುಗಿಸಿ ತೋರಿಸೋಕೆ ಹೊತ್ತು ಸಿಗ್ಲಿಲ್ಲ.”

ತಾಯಿ ಅವಳ ಕೈ ಹಿಡಿದುಕೊಳ್ಳುತ್ತಾರೆ.

ಅಕ್ಕನಿಗೆ ಇರುವುದು ಒಂದೇ ಆಸೆ. “ಇದನ್ನೆಲ್ಲ ಒಳಗೆ ಬಂದ ದಿನಾನೇ ಕೈದಿಗಳಿಗೆ ಯಾರಾದ್ರೂ ಹೇಳ್ಕೊಡ್ಲಿ. ಆಗ ಇವರೆಲ್ಲ ಹೋಗಿ, ಮಗು ತೋರಿಸಿ, ಊಟ ಆಯ್ತಾ ಅಂತ ಕೇಳ್ಕೊಂಡು ಬರ್ಬೋದು.”