ಜವಳಿ ಕಾಕಾ ಕೊಂಡ ಕುದುರೆ

ಮೊನ್ನೆ ಲೈನಿಂಗ್ ಬಟ್ಟೆ ತರಲು ದಾವಣಗೆರೆಯ ಚೌಕಿಪೇಟೆಗೆ ಹೋಗಿದ್ದೆ. ಅಂಗಡಿಯ ಹುಡುಗ ನಾನು ಕೇಳದಿದ್ದರೂ ಗಿಳಿಹಸಿರು ಸಾಟಿನ್ನಿನ ಥಾನೊಂದನ್ನು ಎಳೆದು ನನ್ನ ಮುಂದೆ ಉರುಳಿಸಿದ. ಆ ಬಣ್ಣ ಕಣ್ಣಿಗೆ ಬಿದ್ದದ್ದೇ ತಡ, ಮೈಯೆಲ್ಲ ಉರಿಯಿತು. ತೆಗೆಯಿರಿ ಎಂದೆ. ಹೊಸ ಮಾಲು, ಒಮ್ಮೆ ಮುಟ್ಟಿ ನೋಡಿ ಎಂದು ಅವನು ಇನ್ನೊಂದು ಸುತ್ತು ಬಿಚ್ಚಿದ. ನಾನು ಏನೂ ಕೊಳ್ಳದೆ ಎದ್ದು ಬಂದೆ.

ಅದೇ ಬಣ್ಣದ ಅಂಗಿ ತೊಟ್ಟ ಜಾಕಿಯೊಬ್ಬ ಕುದುರೆಯ ಮೇಲೆ ಕೂತದ್ದನ್ನು ನಾನು ನೋಡಿದ್ದೇನೆ. ರೇಸಿನಲ್ಲಿ ಜಾಕಿ ತೊಡುವುದು ಕುದುರೆಯ ಒಡೆಯ ಆರಿಸಿದ ಬಣ್ಣವನ್ನೇ. ಆ ಅಂಗಿಗೆ ಬಟ್ಟೆ ಕತ್ತರಿಸಿ ಕೊಟ್ಟವಳೂ ನಾನೇ. ಕತ್ತರಿಸು ಎಂದವರು ನಮ್ಮ ಎದುರು ಮನೆಯ ಜವಳಿ ಕಾಕಾ. ಅವರು ತೀರಿಕೊಂಡು ಎರಡು ವರ್ಷವಾಗುತ್ತ ಬಂತು. ಹೋದವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎಂದು ಅಮ್ಮ ಹೇಳುತ್ತಲೇ ಇರುತ್ತಾಳೆ. ನನ್ನಿಂದ ಆಗಿಲ್ಲ.

ಅಪ್ಪ ತೀರಿಕೊಂಡ ವರ್ಷ ನನ್ನನ್ನು ಕರೆದು ಚೌಕಿಪೇಟೆಯ ತಮ್ಮ ಜವಳಿ ಅಂಗಡಿಯಲ್ಲಿ ಕೂರಿಸಿದವರು ಕಾಕಾ. ಡಿಗ್ರಿ ಮುಗಿಸಿ ಮನೆಯಲ್ಲಿ ಸುಮ್ಮನೆ ಕೂತಿದ್ದೆ. ಬಟ್ಟೆಯ ವಿಷಯವೆಲ್ಲ ಅವರೇ ಕಲಿಸಿದರು. ಹೊಸ ಮಾಲು ಬಂದರೆ ಮೊದಲು ಬಾಗಿಲಿಗೆ ಒಯ್ದು ಬಿಸಿಲಿಗೆ ಹಿಡಿಯಬೇಕು, ಮುಷ್ಟಿಯಲ್ಲಿ ಹಿಂಡಿ ಬಿಟ್ಟು ಸುಕ್ಕು ನೋಡಬೇಕು, ಒಂದು ಮೂಲೆ ತೋಯಿಸಿ ಬಿಳಿ ಬಟ್ಟೆಗೆ ಉಜ್ಜಿ ಬಣ್ಣ ಬಿಡುತ್ತದೆಯೇ ಎಂದು ನೋಡಬೇಕು. ಮಿಲ್ಲಿನವರು ಮುಖ ಸಿಂಡರಿಸಿದರೂ ಅವರು ಬಿಡುತ್ತಿರಲಿಲ್ಲ. ಕೈ ಒರೆಸುವ ಟವೆಲ್ಲನ್ನೂ ಹಾಗೆ ನೋಡದೆ ಕೊಂಡವರಲ್ಲ. ಇಡೀ ಚೌಕಿಪೇಟೆಗೆ ಇದು ಗೊತ್ತಿತ್ತು.

ಅವರ ಹೆಂಡತಿ ಕಾಕಿಯದು ಹರಿಹರದಲ್ಲಿ ಬೇರೆಯೇ ಅಂಗಡಿ. ಹೆಸರಿಗೆ ಅದು ಕಾಕಾರ ಅಂಗಡಿಯ ಶಾಖೆ. ಆದರೆ ದೇವಸ್ಥಾನದ ರಸ್ತೆಯ ಆ ಪುಟ್ಟ ಮಳಿಗೆಯನ್ನು ಹುಡುಕಿದವರು ಕಾಕಿ, ಬ್ಲೌಸ್ ಪೀಸು, ಫಾಲ್ಸು, ಮಕ್ಕಳ ಲಂಗ ಅಂತ ಒಂದೊಂದೇ ಸೇರಿಸುತ್ತ ಬೆಳೆಸಿದವರೂ ಅವರೇ. ದಿನಾ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತುತ್ತಿದ್ದರು. ಮಕ್ಕಳಿರಲಿಲ್ಲ. ಅಂಗಡಿಯ ಮಾತು ಬಂದರೆ ಮಗುವಿನ ಮಾತು ಆಡಿದಂತೆ ಆಡುತ್ತಿದ್ದರು... ಒಂದು ಮಾತು ಮಾತ್ರ ನಮಗಾರಿಗೂ ತಿಳಿದಿರಲಿಲ್ಲ. ಮಳಿಗೆಯ ಪತ್ರವಿದ್ದದ್ದು ಕಾಕಾರ ಹೆಸರಿನಲ್ಲಿ.

ಬೆಂಗಳೂರಿನಿಂದ ಸೂಟಿಂಗ್ ಮಾಲು ಕಳಿಸುವವನೊಬ್ಬ ಕಾಕಾರನ್ನು ಒಂದು ಭಾನುವಾರ ಕುದುರೆ ರೇಸಿಗೆ ಕರೆದುಕೊಂಡು ಹೋದ. ದೊಡ್ಡವರು ಕೂರುವ ಕಡೆ ಕೂರಿಸಿದ, ಗಾಜಿನ ಲೋಟದಲ್ಲಿ ಲಿಂಬು ಶರಬತ್ತು ಕೊಡಿಸಿದ, ಒಬ್ಬ ದಲ್ಲಾಳಿಯ ಪರಿಚಯ ಮಾಡಿಸಿದ. ಕುದುರೆ ಕೊಡಿಸುವುದೇ ಆ ದಲ್ಲಾಳಿಯ ಕಸುಬು. ಮರಳಿ ಬಂದ ಕಾಕಾ ಬೇರೆಯೇ ಮನುಷ್ಯ. ಬಿಲ್ಲು ಬರೆಯುತ್ತ ಬರೆಯುತ್ತ ನಿಲ್ಲಿಸಿ, ಅಲ್ಲಿನ ಜನ ಹೇಗೆ ಕೈ ಕುಲುಕುತ್ತಾರೆ ಎಂದು ಹೇಳುತ್ತಿದ್ದರು. ಕೆಲವೇ ತಿಂಗಳಲ್ಲಿ ದಲ್ಲಾಳಿ ಫೋನು ಮಾಡಿದ. ಎರಡು ವರ್ಷದ ಗಂಡು ಕುದುರೆ, ಅಪ್ಪನೂ ಅಮ್ಮನೂ ದೊಡ್ಡ ರೇಸು ಗೆದ್ದವರು, ಇನ್ನೊಬ್ಬ ಪಾರ್ಟಿ ಕಾಯುತ್ತಿದೆ, ಸಂಜೆಯೊಳಗೆ ಹೇಳಬೇಕು ಎಂದ.

ಆ ಮಧ್ಯಾಹ್ನ ಕಾಕಿ ಊಟಕ್ಕೆ ಬಡಿಸುತ್ತ ಒಂದೇ ಪ್ರಶ್ನೆ ಕೇಳಿದ್ದು. ನಾನು ಅಲ್ಲೇ ಇದ್ದೆ.

"ಡಾಕ್ಟ್ರು ಯಾರಾದ್ರೂ ನೋಡ್ಯಾರೇನ್ರಿ ಅದನ್ನ?"

ಅದು ಎಮ್ಮೆಯ ಸಂತೆಯಲ್ಲ ಎಂದರು ಕಾಕಾ. ಅಂಥ ಜನರ ನಡುವೆ ಹಾಗೆಲ್ಲ ಕೇಳಿದರೆ ಅವಮಾನ ಮಾಡಿದಂತೆ ಎಂದರು. ಸಂಜೆಯೊಳಗೆ ಹೂಂ ಎಂದುಬಿಟ್ಟರು.

ಅದಾದ ಮೇಲೆ ಒಂದು ಬೆಳಿಗ್ಗೆ ಕಾಕಿ ಹರಿಹರಕ್ಕೆ ಹೋದರೆ ಮಳಿಗೆಯ ಬಾಗಿಲು ಆಗಲೇ ತೆರೆದಿತ್ತು. ಯಾರೋ ಇಬ್ಬರು ಗೋಡೆ ಅಳೆಯುತ್ತಿದ್ದರು. ಕೊಂಡವರ ಕಡೆಯವರು. ಕುದುರೆಯ ದುಡ್ಡಿಗಾಗಿ ಕಾಕಾ ಮಳಿಗೆ ಮಾರಿದ್ದರು, ಮನೆಯಲ್ಲಿ ಹೇಳಿರಲಿಲ್ಲ. ಮುಂದಿನ ಬಸ್ಸಿಗೇ ಕಾಕಿ ಮರಳಿ ಬಂದರು. ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಅಮ್ಮನ ಕೈಯಿಂದ ನೀರು ಇಸಿದುಕೊಂಡರು. ಅಳಲಿಲ್ಲ. ಲೋಟ ಕೆಳಗಿಟ್ಟು, "ಅಳತಿ ಟೇಪು ಅಲ್ಲೇ ಬಿಟ್ಟು ಬಂದ್ನೆವ್ವಾ" ಎಂದರು, ಅಷ್ಟೇ.



ಕುದುರೆ ಚೆಂದವಿತ್ತು, ಸುಳ್ಳು ಹೇಳಬಾರದು. ಕೆಂಪು ಮೈ, ಹಣೆಯ ಮೇಲೆ ಬಿಳಿ ಚುಕ್ಕೆ, ನಿಂತರೆ ಯಾರೋ ಕೆತ್ತಿ ನಿಲ್ಲಿಸಿದಂತೆ. ಕಾಕಾ ಇಂಗ್ಲಿಷಿನಲ್ಲಿ ಒಂದು ಉದ್ದದ ಹೆಸರಿಟ್ಟರು. ಕಾಕಿ ಕೆಂಚ ಎಂದರು, ನಮಗೆಲ್ಲ ಅದೇ ಹೆಸರು ಉಳಿಯಿತು. ಮೊದಲ ರೇಸಿಗೆ ಕಾಕಾ ಅಂಗಡಿಯವರನ್ನೆಲ್ಲ ಬಸ್ಸು ಮಾಡಿ ಬೆಂಗಳೂರಿಗೆ ಕರೆದೊಯ್ದರು. ರೇಸಿನ ಹಿಂದಿನ ದಿನ ಬೆಳಿಗ್ಗೆ ಕುದುರೆಗಳನ್ನು ಓಡಿಸಿ ಪಳಗಿಸುವುದನ್ನು ನೋಡಲು ಬೇಲಿಯ ಹತ್ತಿರ ನಿಂತಿದ್ದೆವು. ಕೆಂಚ ನಮ್ಮ ಮುಂದೆ ಹಾದು ಹೋದಾಗ ಅವನ ಗಂಟಲಿನಿಂದ ತಿದಿ ಒತ್ತಿದಂಥ ಸದ್ದು ಬರುತ್ತಿತ್ತು. ಉಳಿದ ಕುದುರೆಗಳಿಗೆ ಅದಿರಲಿಲ್ಲ. ಕಾಕಿ ನನ್ನ ಕೈ ಹಿಡಿದುಕೊಂಡರು. ಅದ್ಯಾಕೆ ಹಾಗೆ ಎಂದು ನಾನು ಟ್ರೈನರನನ್ನು ಕೇಳಿದ್ದಕ್ಕೆ ಅವನು ನಕ್ಕು, ಹುರುಪಿನ ಕುದುರೆ ಹಾಗೆಯೇ ಉಸಿರಾಡುವುದು ಎಂದ. ಕಾಕಾರೂ ನಕ್ಕರು. ಅವನು ನಕ್ಕನೆಂದು ಇವರು ನಕ್ಕರು...

ಮರುದಿನ ಕೆಂಚ ಅರ್ಧ ದಾರಿಯವರೆಗೆ ಎಲ್ಲರ ಮುಂದೆ ಇದ್ದ. ಆಮೇಲೆ ಒಂದೊಂದೇ ಕುದುರೆ ಅವನನ್ನು ದಾಟಿತು. ಕೊನೆಗೆ ಅವನ ಹಿಂದೆ ಒಂದೇ ಒಂದು ಕುದುರೆ ಉಳಿದಿತ್ತು.

ಆವತ್ತಿನಿಂದ ನೆಪಗಳು ಶುರುವಾದವು. ನೆಲ ಮೆತ್ತಗಿತ್ತು, ಜಾಕಿ ಸರಿಯಿಲ್ಲ, ದೂರ ಜಾಸ್ತಿಯಾಯಿತು, ಇನ್ನೂ ಎಳೆಯ ಕುದುರೆ, ಮುಂದಿನ ಸೀಸನ್ನಿನಲ್ಲಿ ನೋಡಿ. ಒಂದೊಂದು ನೆಪವನ್ನೂ ಕಾಕಾ ಅಂಗಡಿಗೆ ಬಂದು ನಮಗೆ ಒಪ್ಪಿಸುತ್ತಿದ್ದರು. ಓಡಲಿ ಬಿಡಲಿ, ಕುದುರೆಗೆ ತಿಂಗಳು ತಿಂಗಳು ಮೇವು, ಲಾಯ, ಆಳು, ಔಷಧಿ ಆಗಲೇಬೇಕು. ಅತ್ತ ಅದು ನಡೆದಂತೆ ಇತ್ತ ನಮ್ಮ ಕಪಾಟುಗಳು ಖಾಲಿಯಾಗುತ್ತ ಬಂದವು. ಒಂದು ಸಲ ಕೆಂಚ ನಾಲ್ಕನೆಯವನಾಗಿ ಬಂದ. ಕಾಕಾ ಅಂದು ಇಡೀ ಓಣಿಗೆ ಪೇಡೆ ಹಂಚಿದರು. ನಾಲ್ಕನೆಯ ಸ್ಥಾನಕ್ಕೆ! ಪೇಡೆ ತಿಂದವರು ತಿರುವಿನಲ್ಲಿ ನಿಂತು ನಗುತ್ತಿದ್ದರು. ಶುರುವಿನಲ್ಲಿ ಶಾಲು ಹೊದಿಸಿ ಕುದುರೆ ಸಾಹುಕಾರ ಎಂದು ಕರೆದವರೂ ಅವರೇ.

ಕಡೆಗೆ ಹೊರಗಿನ ಪಶುವೈದ್ಯರೊಬ್ಬರು ಕೆಂಚನ ಮೂಗಿನಿಂದ ಕ್ಯಾಮೆರಾದ ಕೊಳವೆ ಬಿಟ್ಟು ಗಂಟಲು ನೋಡಿದರು. ಉಸಿರಿನ ದಾರಿ ಒಂದು ಬದಿ ತೆರೆಯುತ್ತಲೇ ಇರಲಿಲ್ಲ. ಹೊರಗಿನಿಂದ ನೋಡಿದರೆ ನಿಂತಾಗ ತಿಳಿಯುವುದಿಲ್ಲ, ನಡೆದರೂ ತಿಳಿಯುವುದಿಲ್ಲ, ಜೋರಾಗಿ ಓಡಿದಾಗಲೇ ಅದು ಗೊತ್ತಾಗುವುದು. ಕೊಳ್ಳುವ ಮೊದಲು ಇದೊಂದು ಪರೀಕ್ಷೆ ಮಾಡಿಸಿದ್ದರೆ ಅಂದೇ ತಿಳಿಯುತ್ತಿತ್ತು ಎಂದರು ವೈದ್ಯರು. ಒಂದು ಶಸ್ತ್ರಚಿಕಿತ್ಸೆಯೂ ಆಯಿತು, ಫಲ ಕಾಣಲಿಲ್ಲ. ದಲ್ಲಾಳಿಯನ್ನು ಕೇಳಿದರೆ, ನೋಡಿಕೊಂಡು ಕೊಳ್ಳುವುದು ಕೊಳ್ಳುವವರ ಜವಾಬ್ದಾರಿ, ನಾನೇನು ಕಣ್ಣು ಕಟ್ಟಿದ್ದೆನೇ ಎಂದ. ಅವನು ಮಾರಿದವರ ಕಡೆಯಿಂದಲೂ ಕಮಿಷನ್ ತಿಂದಿದ್ದ ಎಂಬುದು ನಮಗೆ ಗೊತ್ತಾದದ್ದು ಆಮೇಲೆ.

ಆ ಸಂಜೆ ಅಂಗಡಿಯಲ್ಲಿ ನಾವಿಬ್ಬರೇ ಇದ್ದೆವು. ನನಗೆ ತಡೆಯಲಾಗಲಿಲ್ಲ.

"ಕಾಕಾ, ಟವೆಲ್ಲು ತಗೊಳ್ಳಾಕೂ ಮೂಲಿ ತೋಯ್ಸಿ ನೋಡೋರು ನೀವು. ಅದನ್ನ ಯಾಕ ನೋಡ್ಲಿಲ್ಲ?"

ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಮೇಜಿನ ಮೇಲಿನ ಕತ್ತರಿಯನ್ನು ಅತ್ತಿತ್ತ ಸರಿಸಿದರು.

"ಅಲ್ಲಿ ನನ್ನ ಯಾರೂ ಅರಿವಿ ಮಾರೋನು ಅನ್ಲಿಲ್ಲ ತಂಗಿ. ನೋಡ್ತೀನಿ ಅಂದಿದ್ರ ಹಂಗ ಅಂತಿದ್ರು."

ಈ ಮಾತಿಗೆ ನನಗೆ ಮರುಕ ಬರಬೇಕಿತ್ತೇನೋ. ಬರಲಿಲ್ಲ. ಅರಿವೆ ಮಾರುವುದರಲ್ಲಿ ನಾಚಿಕೆ ಏನಿತ್ತು? ನಾನು ಉಂಡದ್ದು ಅದರಲ್ಲೇ. ನನ್ನ ತಮ್ಮ ಓದಿದ್ದು ಅದರಲ್ಲೇ. ಕಾಕಿ ದಿನಾ ಬಸ್ಸಿನಲ್ಲಿ ನಿಂತು ಹೋಗಿ ಮಾಡುತ್ತಿದ್ದದ್ದೂ ಅದನ್ನೇ, ತಲೆ ಎತ್ತಿಕೊಂಡು ಮಾಡುತ್ತಿದ್ದರು. ಯಾರೋ ನಾಲ್ಕು ಜನ ಕೈ ಕುಲುಕಿದರೆಂದು ಈ ಮನುಷ್ಯ ಅದೆಲ್ಲವನ್ನೂ ತುಳಿದು ಹೋಗಿದ್ದರು.

ಆಮೇಲೆ ಲಾಯದಿಂದ ಫೋನು ಬಂತು. ಓಡದ ಕುದುರೆಗೆ ಅಲ್ಲಿ ಜಾಗವಿಲ್ಲ, ಒಯ್ಯುತ್ತೀರೋ, ಇಲ್ಲ ನಾವೇ ಒಂದು ವ್ಯವಸ್ಥೆ ಮಾಡಿಬಿಡೋಣವೋ ಎಂದರು. ಏನು ಬೇಕಾದರೂ ಮಾಡಿ ಎಂದು ಕಾಕಾ ಫೋನು ಕೆಳಗಿಟ್ಟರು. ವ್ಯವಸ್ಥೆ ಅಂದರೇನು ಎಂದು ಕಾಕಿ ಕೇಳಿದರು. ಕೊಂದುಬಿಡುವುದು ಎಂದು ಅವರಿಗೆ ಕೇಳುವಾಗಲೇ ಗೊತ್ತಿತ್ತು. ಮರುದಿನವೇ ತಮ್ಮ ತವರೂರು ಸಾರಥಿಯಿಂದ ಅಣ್ಣನನ್ನು ಕರೆಸಿ, ಒಂದು ಲಾರಿ ಗೊತ್ತುಮಾಡಿ, ನನ್ನನ್ನೂ ಜೊತೆಗೆ ಕೂರಿಸಿಕೊಂಡು ಬೆಂಗಳೂರಿಗೆ ಹೊರಟರು. ಬರುವಾಗ ಚಿತ್ರದುರ್ಗ ದಾಟುವವರೆಗೂ ಹಿಂದೆ ಹುಲ್ಲಿನ ಮೇಲೆ ಕೂತು ಕೆಂಚನ ಕುತ್ತಿಗೆ ಸವರುತ್ತಿದ್ದರು. ಅವತ್ತಿನಿಂದ ಅವನು ಸಾರಥಿಯಲ್ಲಿ, ಕಾಕಿಯ ತವರಿನ ಗದ್ದೆಯ ಬದುವಿನ ಮೇಲೆ ಮೇಯುತ್ತ ಇದ್ದಾನೆ. ಅವನನ್ನು ಯಾರೂ ಓಡಿಸುವುದಿಲ್ಲ.

ಕಾಕಾ ಒಮ್ಮೆಯೂ ಹೋಗಿ ನೋಡಲಿಲ್ಲ. ಚೌಕಿಪೇಟೆಯ ಅಂಗಡಿಯೂ ಕೈಬಿಟ್ಟು ಹೋದ ಮೇಲೆ ಮನೆಯೊಳಗೇ ಕೂತರು. ಕಾಯಿಲೆ ಬಿದ್ದಾಗ ಒಂದು ದಿನ, ಕೆಂಚ ಹೆಂಗದಾನ ಎಂದು ನನ್ನನ್ನು ಕೇಳಿದರು. ಹೋಗಿ ನೀವೇ ನೋಡಿಬನ್ನಿ ಎಂದೆ. ಗೋಡೆಯ ಕಡೆ ಹೊರಳಿಕೊಂಡರು... ಕಾಕಿಯ ಬಳಿ ತಪ್ಪಾಯಿತು ಎಂಬ ಒಂದು ಮಾತನ್ನೂ ಅವರು ಆಡಲಿಲ್ಲ. ಆಡಿದ್ದರೆ ನನಗೆ ಗೊತ್ತಾಗುತ್ತಿತ್ತು. ಕಾಕಿ ನನಗೆ ಹೇಳದ ಮಾತಿಲ್ಲ.

ಕಾಕಾ ತೀರಿಕೊಂಡ ದಿನ ಪಡಸಾಲೆಯಲ್ಲಿ ಅವರ ದೇಹಕ್ಕೆ ವಿಭೂತಿ ಹಚ್ಚಿ ಕೂರಿಸಿದ್ದರು. ಭಜನೆ ನಡೆದಿತ್ತು. ಆಗ ಆ ದಲ್ಲಾಳಿ ದೊಡ್ಡ ಗುಲಾಬಿ ಹಾರ ಹಿಡಿದುಕೊಂಡು ಬಂದ. ಎಂಥ ಎದೆಗಾರಿಕೆಯ ಮನುಷ್ಯ, ಕುದುರೆ ಕಟ್ಟಲು ಗುಂಡಿಗೆ ಬೇಕು ಎಂದು ಬಾಗಿಲಲ್ಲಿ ನಿಂತವರಿಗೆಲ್ಲ ಹೇಳುತ್ತ ಒಳಗೆ ಬಂದ. ಕಾಕಿ ಕೂತಲ್ಲಿಂದಲೇ ತಲೆ ಎತ್ತಿ ನೋಡಿದರು. ದನಿ ಏರಿಸಲಿಲ್ಲ.

"ಮೊದ್ಲು ಸಾರಥಿಗೆ ಹೋಗಿ ಕುದುರಿ ಉಸಿರು ಕೇಳಿ ಬರ್ರಿ. ಆಮ್ಯಾಲೆ ಹಾರ ಹಾಕೋರಂತೆ."

ಅವನು ಹಾರವನ್ನು ಕುರ್ಚಿಯ ಮೇಲಿಟ್ಟು ಹೋದ. ಅದನ್ನು ತೆಗೆದು ಹೊರಗೆ ಹಾಕಿದವಳು ನಾನು.

ಈಗ ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಕಾಕಿ ಮತ್ತೆ ದಿನಾ ಹರಿಹರದ ಬಸ್ಸು ಹತ್ತುತ್ತಾರೆ. ದೇವಸ್ಥಾನದ ರಸ್ತೆಯ ಅದೇ ಮಳಿಗೆಗೇ ಹೋಗುತ್ತಾರೆ, ಈ ಸಲ ಸಂಬಳಕ್ಕೆ. ಕೊಂಡವನು ಕೆಟ್ಟವನಲ್ಲ, ಆದರೆ ಗಿರಾಕಿಗಳ ಮುಂದೆ, ಬೇಗ ಬೇಗ ತೋರಿಸ್ರಿ ಎಂದು ಗದರುತ್ತಾನೆ. ತಾವೇ ಬಡಗಿಯನ್ನು ಕರೆಸಿ ಮಾಡಿಸಿದ ಕಪಾಟಿನಿಂದ ಕಾಕಿ ಬಟ್ಟೆ ಇಳಿಸಿ ಕೊಡುತ್ತಾರೆ. ಊರಿನಲ್ಲಿ ಕಾಕಾರ ಕಥೆಯನ್ನು ಇವತ್ತಿಗೂ ನಗೆಚಾಟಿಕೆಯಾಗಿ ಹೇಳುವವರಿದ್ದಾರೆ. ಆ ನಗೆಯಲ್ಲಿ ಕಾಕಿಯ ಹೆಸರೇ ಬರುವುದಿಲ್ಲ.

ಹೋದ ವಾರ ಕೆಲಸವಿದ್ದು ಹರಿಹರಕ್ಕೆ ಹೋಗಿದ್ದೆ. ಸಂಜೆ ಇಬ್ಬರೂ ಬಸ್ಸಿಗೆ ಕಾಯುತ್ತ ನಿಂತಿದ್ದೆವು. ಕಾಲು ನೋವೆಂದು ಕಾಕಿ ಚಪ್ಪಲಿ ಬಿಟ್ಟು ಕಟ್ಟೆಗೆ ಒರಗಿದ್ದರು. ಅದನ್ನು ನೋಡಿ, ಕಾಕಾರನ್ನು ನಾನು ಈ ಜನ್ಮದಲ್ಲಿ ಕ್ಷಮಿಸುವುದಿಲ್ಲ ಎಂದುಬಿಟ್ಟೆ. ಕಾಕಿ ನನ್ನನ್ನು ತಡೆಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

"ನಂಗೂ ಐತೆ ಸಿಟ್ಟು," ಎಂದರು. "ನಿನಗಿಂತ ಜಾಸ್ತೀನೇ ಐತೆ. ಆದ್ರ ಮನಿಗೆ ಹೋಗಿ ಬಾಗ್ಲು ತೆಗೆದ್ರ, ಬೈಯ್ಯಾಕ ಒಳಗ ಯಾರೂ ಇಲ್ಲ ನೋಡು."

ಬಸ್ಸು ಬಂತು. ಕಾಕಿಗೆ ಕಿಟಕಿಯ ಪಕ್ಕ ಜಾಗ ಹಿಡಿದುಕೊಟ್ಟು ನಾನು ಪಕ್ಕದಲ್ಲಿ ಕೂತೆ. ದಾವಣಗೆರೆಯಲ್ಲಿ ಇಳಿದು ಕಾಕಿಯ ಮನೆಯ ಬಾಗಿಲವರೆಗೂ ಅವರ ಜೊತೆ ಹೋದೆ.