ಬಾವಿ ದಡದ ಮೇಲಿನ ಪಂಪು

2023ರ ಏಪ್ರಿಲ್ ತಿಂಗಳು. ಕೋಲಾರದ ಒಂದು ಐಟಿಐಯಲ್ಲಿ ಮೋಟಾರು ಮೆಕ್ಯಾನಿಕ್ ವಿಭಾಗದ ಬೋಧಕನಾಗಿ ಮೂವತ್ತೊಂದು ವರ್ಷ ದುಡಿದು, ನಿವೃತ್ತನಾಗಿ ಎರಡು ವರ್ಷ ಕಳೆದಿತ್ತು. ಇಂಧನ ವ್ಯವಸ್ಥೆ, ಅಂದರೆ ಪೆಟ್ರೋಲು ಟ್ಯಾಂಕಿನಿಂದ ಇಂಜಿನ್ನಿಗೆ ಹೋಗುವ ದಾರಿ, ನನ್ನ ಖಾಸಾ ವಿಷಯ. ಅದನ್ನು ಕಲಿಸುವಾಗ ನನಗೆ ಎದುರಾಡಿದ ವಿದ್ಯಾರ್ಥಿಯೇ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಾನು ಸೋತದ್ದು ಅದೇ ವಿಷಯದಲ್ಲಿ, ಅದೂ ಮುನಿಕೃಷ್ಣನ ಎದುರು.

ಮುನಿಕೃಷ್ಣ ತಾಯಲೂರಿನವನು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಐಟಿಐ ಓದಿದೆವು. ನಾನು ಮೊದಲ ದರ್ಜೆ, ಅವನು ಎರಡನೇ ಸಲಕ್ಕೆ ಪಾಸು. ನಾನು ಸರ್ಕಾರಿ ನೌಕರಿ ಸೇರಿದೆ. ಅವನು ಬೋರ್‌ವೆಲ್ ಮೋಟರ್ ಎತ್ತುವ, ಇಳಿಸುವ, ರಿಪೇರಿ ಮಾಡುವ ಕೆಲಸ ಹಿಡಿದ. ನಮ್ಮ ಸೀಮೆಯಲ್ಲಿ ಸಾವಿರದಿನ್ನೂರು ಅಡಿಯಿಂದ ನೀರು ಮೇಲೆ ತರುವವನಿಗೆ ಇರುವ ಮರ್ಯಾದೆ ಹೊಸ ಅಳಿಯನಿಗೂ ಇಲ್ಲ. ನನ್ನ ಹುಟ್ಟೂರು ಹೋಳೂರಿನಲ್ಲೇ ಇರುವ ತಂಗಿಯ ಮನೆಯಲ್ಲಿ ಒಮ್ಮೆ ನನಗೆ ಕಾಫಿ ಕೊಟ್ಟು, ಮೋಟರ್ ಇಳಿಸಲು ಬಂದಿದ್ದ ಅವನಿಗೆ ಕೋಳಿ ಸಾರು ಬಡಿಸಿದರು. ಅವನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಈ ವಯಸ್ಸಿನಲ್ಲಿ ಮುಚ್ಚಿಡುವುದು ಏನಿದೆ?

ಆ ಏಪ್ರಿಲ್‌ನಲ್ಲಿ ಶ್ರೀನಿವಾಸಪುರದ ಹತ್ತಿರದ ಮಾವಿನ ತೋಟದಿಂದ ನನಗೆ ಕರೆ ಬಂತು. ತೋಟದ ಒಡತಿ ಶಾರದಮ್ಮ, ಐವತ್ತಾರರ ಹೆಂಗಸು. ಇಪ್ಪತ್ತೆರಡು ಎಕರೆ ಬಾದಾಮಿ, ತೋತಾಪುರಿ ಮರಗಳನ್ನು ಹನ್ನೆರಡು ವರ್ಷದಿಂದ ತಾವೇ ನೋಡಿಕೊಂಡು ಬಂದವರು. ಹಿಂದಿನ ವರ್ಷ ಜಾರಿಬಿದ್ದು ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾಗಿತ್ತು. ಕೋಲು ಹಿಡಿದು ಅಂಗಳದಲ್ಲಿ ಓಡಾಡುತ್ತಿದ್ದರು, ಅಷ್ಟೆ. ತೋಟದ ನಡುವೆ ಒಂದು ಒಣ ಹಳ್ಳ. ಕಾಲು ಹೂತುಹೋಗುವಷ್ಟು ಮರಳು, ದಾಟಲು ಅರವತ್ತು ಗಜ. ಅರ್ಧಕ್ಕಿಂತ ಹೆಚ್ಚು ಮರಗಳು ಅದರಾಚೆಗೆ. ಟ್ರ್ಯಾಕ್ಟರ್ ಹತ್ತಕೂಡದೆಂದು ಡಾಕ್ಟರ್ ಹೇಳಿದ್ದರು. ಇನ್ನು ನಿನ್ನ ಕೈಲಿ ಆಗದು, ಫಸಲನ್ನು ವ್ಯಾಪಾರಿಗೆ ಗುತ್ತಿಗೆಗೆ ಕೊಟ್ಟುಬಿಡು ಎಂದು ಅವರ ಮೈದುನ ಹಿಂದೆ ಬಿದ್ದಿದ್ದ.

ಶಾರದಮ್ಮ ಅದಕ್ಕೆ ಉತ್ತರವಾಗಿ ಮಾಲೂರಿನ ಒಬ್ಬ ವೆಲ್ಡಿಂಗ್ ಫ್ಯಾಬ್ರಿಕೇಟರ್ ಕೈಲಿ ಡ್ಯೂನ್ ಬಗ್ಗಿ ಕಟ್ಟಿಸಿದ್ದರು. ಮರಳಲ್ಲಿ ಓಡುವ ಬಂಡಿ ಅದು. ಮೈಯೆಲ್ಲ ಕಬ್ಬಿಣದ ಪೈಪು, ಅಗಲದ ಟೈರು, ಹಿಂಬದಿಯಲ್ಲಿ ಹಳೆಯ ಕಾರೊಂದರ ಪೆಟ್ರೋಲ್ ಇಂಜಿನ್, ಕೈಯಲ್ಲೇ ಒತ್ತುವ ಬ್ರೇಕು. ಟ್ಯಾಂಕು ಮತ್ತು ಫ್ಯುಯೆಲ್ ಪಂಪು ಕೂರಿಸುವುದು ಮಾತ್ರ ಬಾಕಿ. ಪೆಟ್ರೋಲಿನ ಕೆಲಸ, ಗೊತ್ತಿದ್ದವರೇ ಮಾಡಬೇಕು ಎಂದು ಫ್ಯಾಬ್ರಿಕೇಟರ್ ಕೈ ಬಿಟ್ಟಿದ್ದ.

"ಮೇ ಹದಿನೈದಕ್ಕೆ ಕಾಯಿ ಕೀಳೋದು ಶುರು ಮೇಷ್ಟ್ರೇ. ಅಷ್ಟರೊಳಗೆ ನಾನು ಹಳ್ಳ ದಾಟ್ಬೇಕು. ಇಲ್ದಿದ್ರೆ ನಮ್ ಮೈದುನ ಗೆದ್ದಂಗೆ" ಎಂದರು ಶಾರದಮ್ಮ.

ಟ್ಯಾಂಕಿನ ಕೆಲಸ ಮೊದಲು. ಇಪ್ಪತ್ತು ಲೀಟರಿನ ಅಲ್ಯೂಮಿನಿಯಂ ಟ್ಯಾಂಕನ್ನು ಸೀಟಿನ ಹಿಂದೆ, ಪೈಪಿನ ಪಂಜರದ ಒಳಗೇ, ಸೈಲೆನ್ಸರ್ ಇಲ್ಲದ ಪಕ್ಕಕ್ಕೆ ಇಟ್ಟೆ. ಸೀಟಿಗೂ ಟ್ಯಾಂಕಿಗೂ ನಡುವೆ ಕಬ್ಬಿಣದ ತಗಡಿನ ಅಡ್ಡಗೋಡೆ. ಇಂಥ ಬಂಡಿಯ ಚೌಕಟ್ಟು ಓಡುವಾಗ ತಿರುಚಿಕೊಳ್ಳುತ್ತದೆ. ಟ್ಯಾಂಕನ್ನು ನೇರ ಬೋಲ್ಟು ಹಾಕಿ ಬಿಗಿದರೆ ಬೆಸುಗೆ ಬಿಟ್ಟು ಸೋರುತ್ತದೆ. ಅದಕ್ಕೇ ಅಡಿಗೆ ರಬ್ಬರ್ ಹಾಸಿ ಎರಡು ಪಟ್ಟಿಗಳಿಂದ ಕಟ್ಟಿದೆ. ಪೆಟ್ರೋಲ್ ಖಾಲಿಯಾದ ಹಾಗೆ ಒಳಗೆ ಗಾಳಿ ಬರಬೇಕಲ್ಲ, ಅದಕ್ಕೊಂದು ಉಸಿರುಕೊಳವೆ. ಬಂಡಿ ಮಗುಚಿದರೆ ತಾನೇ ಮುಚ್ಚಿಕೊಳ್ಳುವ ವಾಲ್ವ್ ಅದಕ್ಕೆ. ಆ ಟ್ಯಾಂಕಿನಲ್ಲಿ ತಪ್ಪು ಹುಡುಕಲು ಇವತ್ತಿಗೂ ಯಾರಿಂದಲೂ ಆಗಿಲ್ಲ.

ಪಂಪಿನಲ್ಲಿ ಎಡವಿದೆ. ಹಳೆಯ ಕಾಲದ ಕಾರುಗಳಲ್ಲಿ ಪಂಪು ಇಂಜಿನ್ನಿನ ಮೈಗೇ ಅಂಟಿಕೊಂಡಿದ್ದು, ದೂರದ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುತ್ತಿತ್ತು. ಈಗಿನ ಇಂಜಿನ್ನಿಗೆ ಸುಮಾರು ಮೂರು ಬಾರ್, ಅಂದರೆ ಕಾರಿನ ಟೈರಿನ ಗಾಳಿಗಿಂತ ಹೆಚ್ಚು ಒತ್ತಡ ಬೇಕು. ಅದನ್ನು ಕೊಡುವುದು ಕರೆಂಟಿನ ಪಂಪು. ಕಾರುಗಳಲ್ಲಿ ಅದು ಟ್ಯಾಂಕಿನೊಳಗೇ ಮುಳುಗಿರುತ್ತದೆ. ನಮ್ಮ ಟ್ಯಾಂಕು ಚಿಕ್ಕದಾದ್ದರಿಂದ ಹೊರಗೆ ಕೂರಿಸುವ ಪಂಪು ತಂದೆ. ಧೂಳು ತಾಗಬಾರದು, ವೈರು ಗಿಡ್ಡವಾಗಿರಲಿ ಎಂದು ಇಂಜಿನ್ ಪಕ್ಕದ ಅಡ್ಡಪೈಪಿಗೆ, ಟ್ಯಾಂಕಿನ ತಳಕ್ಕಿಂತ ಒಂದೂವರೆ ಅಡಿ ಮೇಲೆ ಬಿಗಿದೆ. ನಿಜ ಹೇಳಬೇಕೆಂದರೆ, ಪಂಪು ಎಂದೊಡನೆ ಕೈ ಇಂಜಿನ್ ಕಡೆಗೇ ಹೋಗುವುದು ಮೂವತ್ತು ವರ್ಷದ ಅಭ್ಯಾಸವಾಗಿತ್ತು.

ಬೆಳಗಿನ ತಂಪಿನಲ್ಲಿ ಬಂಡಿ ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ಶಾರದಮ್ಮ ಅಂಗಳದಲ್ಲಿ ಎರಡು ಸುತ್ತು ಹೊಡೆದು, ಕಣ್ಣೊರೆಸಿಕೊಂಡರು. ನಾನು ಮೀಸೆಯ ಮೇಲೆ ಕೈ ಹಾಕಿದೆ. ಅಷ್ಟರಲ್ಲಿ ಗೇಟಿನಲ್ಲಿ ಮುನಿಕೃಷ್ಣನ ಸರಪಳಿ, ರಾಟೆ ಹೇರಿದ ಗಾಡಿ ನಿಂತಿತು. ತೋಟದ ಬೋರ್‌ವೆಲ್ ಮೋಟರ್ ಸುಟ್ಟುಹೋಗಿತ್ತಂತೆ. ಶಾರದಮ್ಮ ಬಂಡಿಯಿಂದಲೇ ಕೂಗಿದರು, "ಬನ್ನಿ ಮುನಿಕೃಷ್ಣಪ್ಪಾ, ನಿಮ್ಗೇ ಕಾಯ್ತಿದ್ದೆ. ಊಟ ಮಾಡ್ಕೊಂಡೇ ಹೋಗ್ಬೇಕು!" ಮೂರು ದಿನದಿಂದ ದುಡಿದವನು ನಾನು. ನನಗೆ ಸ್ಟೀಲ್ ತಟ್ಟೆಯಲ್ಲಿ ಉಪ್ಪಿಟ್ಟಾಗಿತ್ತು.

ಅವನು ಬಂಡಿಯ ಹತ್ತಿರ ಬಂದ. ನೋಡಲಿಲ್ಲ, ಮೊದಲು ಕಿವಿಗೊಟ್ಟ.

"ಏಮಿರಾ ಚಲಪತಿ, ಸದ್ದು ಸರಿಗಿಲ್ಲ ಕಣೋ. ಬೋರ್‌ನಾಗೆ ನೀರು ಕಮ್ಮಿಯಾದಾಗ ಮೋಟ್ರು ಒಣಗಿಕೊಂಡು ಕಿರುಚ್ತೈತಲ್ಲ, ಅಂಗೆ ಕಿರುಚ್ತಾ ಐತೆ." ಆಮೇಲೆ ಬಗ್ಗಿ ನೋಡಿದ. "ಬಾವಿ ದಡದ ಮೇಲೆ ಮೋಟ್ರು ಕೂರ್ಸಿದ್ದೀಯ. ಕೆಳಕ್ಕೆ ಇಳಿಸ್ಬಿಡು."

"ಇದು ಬಾವಿಯಲ್ಲ ಕಣೋ, ಇಂಜಿನ್ನು" ಎಂದೆ ನಾನು. "ನಿನ್ನ ಕೆಲಸ ನೀನು ನೋಡ್ಕೊ."

ಶಾರದಮ್ಮ ನಮ್ಮಿಬ್ಬರ ಮುಖವನ್ನೂ ನೋಡಿದರು. ಅವನು "ಸರೇ ಸ್ವಾಮಿ" ಎಂದು ನಕ್ಕು ಬೋರ್‌ವೆಲ್ ಕಡೆಗೆ ಹೋದ. ಅವನು ನಕ್ಕದ್ದೇ ನನಗೆ ತಡೆಯಲಾಗಲಿಲ್ಲ. ಅದೇ ಮಾತನ್ನು ಬೇರೆ ಯಾರಾದರೂ ಹೇಳಿದ್ದರೆ ನಿಂತು ಯೋಚಿಸುತ್ತಿದ್ದೆನೇನೋ.

ಮಧ್ಯಾಹ್ನದ ಬಿಸಿಲಿಗೆ ಇಂಜಿನ್ ನಿಂತಿತು. ಬಿಸಿಯಾದ ಪೆಟ್ರೋಲ್ ಕೊಳವೆಯಲ್ಲೇ ಆವಿಯಾದರೆ ಪಂಪಿಗೆ ಬರೀ ಗುಳ್ಳೆ ಸಿಕ್ಕಿ ಹೀಗಾಗುತ್ತದೆ, ಅದಕ್ಕೆ ವೇಪರ್ ಲಾಕ್ ಎನ್ನುತ್ತಾರೆ. ಮೇಲಿರುವ ಪಂಪು ಕೆಳಗಿನಿಂದ ಎಳೆಯುವಾಗ ಗುಳ್ಳೆ ಇನ್ನೂ ಬೇಗ ಏಳುತ್ತದೆ. ಇದನ್ನು ಸಾವಿರ ಸಲ ಪಾಠ ಮಾಡಿದವನು ನಾನು. ಆದರೆ ಪಂಪು ಕೆಳಗಿಳಿಸಿದರೆ ಅವನ ಮಾತು ಒಪ್ಪಿಕೊಂಡಂತೆ! ಗೋಣಿತಾಟು ಒದ್ದೆಮಾಡಿ ಪಂಪಿಗೂ ಕೊಳವೆಗೂ ಸುತ್ತಿದೆ. ಇಂಜಿನ್ ಓಡಿತು. "ಇನ್ನು ಭಯವಿಲ್ಲಮ್ಮ" ಎಂದು ಹೇಳಿ ಕೋಲಾರದ ಬಸ್ಸು ಹತ್ತಿದೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಿರಲಿಲ್ಲ.

ಮಾರನೆಯ ದಿನ, ಶನಿವಾರ, ಮೂರು ಗಂಟೆಗೆ ಶಾರದಮ್ಮನ ಫೋನ್ ಬಂತು. ದನಿ ಸೋತಿತ್ತು. ಹನ್ನೆರಡೂವರೆಗೆ ಹಳ್ಳಕ್ಕೆ ಇಳಿದಿದ್ದಾರೆ. ಗೋಣಿತಾಟು ಒಣಗಿದೆ, ಇಂಜಿನ್ ನಟ್ಟನಡು ಮರಳಿನಲ್ಲಿ ನಿಂತಿದೆ. ಆಳುಗಳೆಲ್ಲ ಊಟಕ್ಕೆ ಹೋಗಿದ್ದರು, ಫೋನ್ ಮನೆಯಲ್ಲಿತ್ತು. ಇಳಿದು ನಡೆಯೋಣವೆಂದರೆ ಕೋಲು ಮರಳಿನಲ್ಲಿ ಹೂತುಹೋಗುತ್ತದೆ. ಮುಕ್ಕಾಲು ಗಂಟೆ ಆ ಬಿಸಿಲಲ್ಲಿ ಒಬ್ಬರೇ ಕೂತಿದ್ದಾರೆ.

"ಬೋರ್‌ವೆಲ್ ಹತ್ರಕ್ಕೆ ಊಟ ಮುಗಿಸಿ ವಾಪಸ್ ಬಂದ ಮುನಿಕೃಷ್ಣಪ್ಪ, ನಾನು ಮತ್ತೆ ಕೀ ತಿರುಗ್ಸಿದಾಗ ಪಂಪು ಕಿರುಚೋದು ಕೇಳಿ ಓಡ್ಬಂದ್ರು. ಅವ್ರೇ ತಳ್ಳಿಸಿ ದಡ ಹತ್ಸಿದ್ರು" ಎಂದರು. "ನಮ್ ಮೈದುನ ನೋಡ್ತಾ ನಿಂತಿದ್ದ. ಸೋಮವಾರ ವ್ಯಾಪಾರಿನ ಕರ್ಕೊಂಡ್ ಬರ್ತಾನಂತೆ."

"ಮುನಿಕೃಷ್ಣ ಏನಂದ?" ನನ್ನ ಬಾಯಿಂದ ಬಂದ ಮೊದಲ ಪ್ರಶ್ನೆ ಅದು. ನಿಮಗೆ ಹೇಗಿದೆಯಮ್ಮ ಎಂದು ಕೇಳಲಿಲ್ಲ. ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

"ಬಿಸಿಲು ಜಾಸ್ತಿ ಆಯ್ತಮ್ಮ, ಚಲಪತಿ ಸರಿ ಮಾಡ್ತಾನೆ, ಅವ್ನಿಗೆ ಗೊತ್ತು ಅಂದ್ರು."

ನನ್ನ ಮಾನ ಉಳಿಸಿದ್ದ. ನನಗೆ ಸಮಾಧಾನವಾಗಬೇಕಿತ್ತು. ದೊಡ್ಡಗುಣದಲ್ಲೂ ಇವನು ನನಗಿಂತ ಮುಂದೆ ಹೋದನಲ್ಲ ಎಂದು ಹೊಟ್ಟೆ ಇನ್ನಷ್ಟು ಉರಿಯಿತು.

ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ. ದಾರಿಯುದ್ದಕ್ಕೂ ಹೋಳೂರಿನ ನಮ್ಮ ತೆರೆದ ಬಾವಿ ಕಣ್ಣಮುಂದಿತ್ತು. ನೀರು ಕೆಳಗೆ ಹೋದ ಹಾಗೆಲ್ಲ ನಮ್ಮಪ್ಪ ಬಾವಿಯ ಗೋಡೆಯಲ್ಲಿ ಹೊಸ ಕಟ್ಟೆ ಕಟ್ಟಿ ಮೋಟರ್ ಇಳಿಸುತ್ತಿದ್ದರು. ನನಗೆ ತಿಳಿದ ಹಾಗೆ ಮೂರು ಸಲ ಇಳಿಸಿದರು. ಮೂರನೇ ಸಲ ಹಗ್ಗ ಹಿಡಿದಿದ್ದವನು ನಾನೇ. "ಮೋಟ್ರು ಎಷ್ಟು ಬೇಕಾದ್ರೂ ಮೇಲಕ್ಕೆ ತಳ್ತೈತೆ ಕಣ್ಲಾ, ಕೆಳಗಿಂದ ಎಳಿಯೋಕೆ ಅದಕ್ಕೆ ಉಸ್ರಿಲ್ಲ" ಎಂದು ಅಪ್ಪ ಹೇಳಿದ್ದೂ ನೆನಪಾಯಿತು. ಮುನಿಕೃಷ್ಣ ಹೇಳಿದ್ದು ನಮ್ಮ ಮನೆಯ ಪಾಠವನ್ನೇ. ಕೋಲಾರ ಜಿಲ್ಲೆಯಲ್ಲಿ ಹುಟ್ಟಿದ ಯಾರಿಗಾದರೂ ಗೊತ್ತಿರುವುದನ್ನು ನಾನು ಹೊಟ್ಟೆಕಿಚ್ಚಿಗೆ ಮರೆತಿದ್ದೆ.

ಮಧ್ಯಾಹ್ನದೊಳಗೆ ಕೆಲಸ ಮುಗಿಸಿದೆ. ಟ್ಯಾಂಕಿನ ತಳದಿಂದ ಹೊರದಾರಿ, ಅಲ್ಲಿಂದ ಒಂದಡಿ ಕೊಳವೆ, ನಡುವೆ ಫಿಲ್ಟರ್, ಅದರ ಕೆಳಗೆ ರಬ್ಬರ್ ತೊಟ್ಟಿಲಿನಲ್ಲಿ ಪಂಪು. ಈಗ ಪೆಟ್ರೋಲ್ ತನ್ನ ಭಾರಕ್ಕೇ ಇಳಿದು ಪಂಪನ್ನು ತುಂಬುತ್ತದೆ, ಪಂಪು ಮುಂದಕ್ಕೆ ತಳ್ಳಿದರೆ ಸಾಕು. ಕಲ್ಲು ಬಡಿಯದಂತೆ ಅಡಿಗೆ ಉಕ್ಕಿನ ತಗಡು ಕೊಟ್ಟೆ. ಒಂದು ಗಂಟೆಯ ಉರಿಬಿಸಿಲಲ್ಲಿ ನಾನೇ ಹತ್ತಿ ಹಳ್ಳವನ್ನು ಐದು ಸಲ ದಾಟಿದೆ. ಒಮ್ಮೆಯೂ ನಿಲ್ಲಲಿಲ್ಲ. ಕಿರುಚಾಟವೂ ಇಲ್ಲ, ಸಣ್ಣದಾಗಿ ಗುಂಯ್ ಎನ್ನುವ ಸದ್ದು ಅಷ್ಟೆ.

ರಾತ್ರಿ ತೋಟದಲ್ಲೇ ಉಳಿದೆ. ಸೋಮವಾರ ಮೈದುನ ವ್ಯಾಪಾರಿಯೊಂದಿಗೆ ಬಂದಾಗ ಶಾರದಮ್ಮ ಹಳ್ಳದ ಆಚೆ ದಡದಲ್ಲಿ, ಮರದ ಕೆಳಗೆ ಬಂಡಿಯಲ್ಲೇ ಕೂತು ಕಾಯಿ ಎಣಿಸುತ್ತಿದ್ದರು. "ಮಾತಾಡೋದಿದ್ರೆ ಇಲ್ಲಿಗೇ ಬನ್ರಪ್ಪ!" ಎಂದು ಕೂಗಿದರು. ಅರವತ್ತು ಗಜ ಮರಳು ತುಳಿದು ವ್ಯಾಪಾರಿ ಏದುಸಿರು ಬಿಡುತ್ತಾ ಹೋದ, ತೋಟ ಗುತ್ತಿಗೆಗಿಲ್ಲ ಎಂದು ಕೇಳಿಸಿಕೊಂಡು ವಾಪಸಾದ.

ಆ ಸಂಜೆ ಬೋರ್‌ವೆಲ್‌ನಲ್ಲೂ ನೀರು ಬಂತು. ನಮ್ಮ ಕಡೆ ಮೋಟರ್ ಇಳಿಸಿದವನು ಸ್ಟಾರ್ಟರ್ ಪೆಟ್ಟಿಗೆಯ ಮೇಲೆ ತನ್ನ ಹೆಸರು ಬರೆಯುವ ರೂಢಿ ಇದೆ. ಮುನಿಕೃಷ್ಣ ಕೆಂಪು ಬಣ್ಣದಲ್ಲಿ ಬರೆದು ಮುಗಿಸಿದ. ಶಾರದಮ್ಮ ಬಣ್ಣದ ಡಬ್ಬಿಯನ್ನು ನನ್ನ ಕಡೆಗೆ ಸರಿಸಿದರು.

"ಟ್ಯಾಂಕಿನ ಮೇಲೆ ನಿಮ್ ಹೆಸ್ರೂ ಬರೀರಿ ಮೇಷ್ಟ್ರೇ. ಪಂಪು ಕೆಳಗಿಡ್ಬೇಕು ಅಂತ ಹೊಳೀತಲ್ಲ ನಿಮ್ಗೆ, ಏನ್ ತಲೆ ನಿಮ್ದು!"

ಅವತ್ತು ಅಂಗಳದಲ್ಲಿ ಅವನಾಡಿದ ಮಾತು ಅವರಿಗೆ ಮರೆತೇಹೋಗಿತ್ತು. ಮುನಿಕೃಷ್ಣ ಕೈ ಒರೆಸಿಕೊಳ್ಳುತ್ತಾ ಬೇರೆ ಕಡೆ ನೋಡಿದ. ನಾನು ಸುಮ್ಮನಿದ್ದರೆ ಅವನೂ ಸುಮ್ಮನಿರುತ್ತಾನೆ, ಅದು ನನಗೆ ಖಾತ್ರಿಯಿತ್ತು. ಕುಂಚವನ್ನು ಬಣ್ಣಕ್ಕೆ ಅದ್ದಿದೆ. ಆಮೇಲೆ ಹೇಳಿದೆ. "ನನಗೆ ಹೊಳೆದದ್ದಲ್ಲಮ್ಮ. ಮೊದಲನೇ ದಿನವೇ ಇವನು ಹೇಳಿದ್ದ. ನಾನು ಕೇಳಲಿಲ್ಲ. ನೀವು ಬಿಸಿಲಲ್ಲಿ ಕೂತದ್ದು ಅದರಿಂದಲೇ."

ಶಾರದಮ್ಮ ಅವನ ಕಡೆ ತಿರುಗಿದರು. ಮುನಿಕೃಷ್ಣ, "ಬುಡ್ಲಾ, ಊಟಕ್ಕೆ ಹೊತ್ತಾಯ್ತು" ಎಂದ. ಅವತ್ತು ಇಬ್ಬರಿಗೂ ಬಾಳೆಲೆ ಹಾಕಿದ್ದರು.

ಪಂಪು ಟ್ಯಾಂಕಿಗಿಂತ ಕೆಳಗಿರಬೇಕು. ಹೇಳಿದವನು ಯಾರೆಂದು ನೋಡದೆ ಹೇಳಿದ್ದನ್ನು ನೋಡಬೇಕು. ಮೂವತ್ತೊಂದು ವರ್ಷ ಕಲಿಸಿದ ಮೇಲೆ ನಾನು ಕಲಿತದ್ದು ಇಷ್ಟು. ಇದರಿಂದ ಹೊಟ್ಟೆಕಿಚ್ಚು ಆರಿತು ಎಂದೇನೂ ಹೇಳಲಾರೆ. ಆ ಬಂಡಿ ಈಗಲೂ ಓಡುತ್ತಿದೆ. ಟ್ಯಾಂಕಿನ ಮೇಲೆ ನಾನೇ ಬರೆದ ಎರಡು ಸಾಲುಗಳಿವೆ: "ಟ್ಯಾಂಕು – ಚಲಪತಿ, ಕೋಲಾರ. ಪಂಪು – ಮುನಿಕೃಷ್ಣ, ತಾಯಲೂರು." ಅವನ ಹೆಸರಿನ ಅಕ್ಷರ ಒಂದು ಇಂಚು ಎತ್ತರ. ನನ್ನದು ಒಂದೂವರೆ.