ರೆಡ್ಡೆಪ್ಪನ ಉತ್ತಮಂದು ಬಂದೂಕು

2023ರಲ್ಲಿ ನಾನು ಚಿಂತಾಮಣಿಯ ಒಂದು ಬಾಡಿಗೆ ಮನೆಯ ಮಹಡಿ ಕೋಣೆಯಲ್ಲಿ ಕೂತು ಬಂದೂಕು ಮಾಡುತ್ತಿದ್ದೆ. ಯಾರೂ ಗಾಬರಿಯಾಗಬೇಕಿಲ್ಲ, ಕಂಪ್ಯೂಟರ್ ಆಟಗಳೊಳಗಿನ ಬಂದೂಕು. ಈ ಹುದ್ದೆಗೆ ವೆಪನ್ ಆರ್ಟಿಸ್ಟ್ ಎನ್ನುತ್ತಾರೆ. ನಿಜವಾದ ಆಯುಧದ ಫೋಟೊ, ಅಳತೆ, ಶಬ್ದ ಎಲ್ಲವನ್ನೂ ಮುಂದಿಟ್ಟುಕೊಂಡು ಅದರ ತ್ರೀಡಿ ಮಾಡೆಲ್ ಕಟ್ಟಬೇಕು. ಮರಕ್ಕೆ ಮರದ ಬಣ್ಣ, ಕಬ್ಬಿಣಕ್ಕೆ ತುಕ್ಕು ಹಚ್ಚಬೇಕು. ಇಪ್ಪತ್ತು ವರ್ಷದಿಂದ ಅನ್ನ ಕೊಟ್ಟಿರುವುದು ಇದೇ ಕೆಲಸ. ಆ ವರ್ಷದವರೆಗೆ ನಿಜವಾದ ಬಂದೂಕನ್ನು ಮುಟ್ಟಿಯೂ ಇರಲಿಲ್ಲ. ಮುಟ್ಟಬೇಕೆಂದು ಯಾರೂ ಕೇಳಿರಲೂ ಇಲ್ಲ.

ಫಸ್ಟ್ ಪರ್ಸನ್ ಶೂಟರ್ ಎಂಬ ಜಾತಿಯ ಆಟಗಳಲ್ಲಿ ಆಟಗಾರನಿಗೆ ತನ್ನ ಮುಖ ಕಾಣುವುದಿಲ್ಲ. ಪರದೆಯ ಕೆಳಗೆ ಎರಡು ಕೈ, ಆ ಕೈಯಲ್ಲಿ ಒಂದು ಬಂದೂಕು, ಎದುರಿಗೆ ಲೋಕ. ಗಂಟೆಗಟ್ಟಲೆ ಅವನ ಕಣ್ಣಿಗೆ ಬೀಳುವುದು ಆ ಬಂದೂಕೇ. ಹಾಗಾಗಿ ಅದರ ವಿಷಯದಲ್ಲಿ ನಮಗೆ ವಿಪರೀತ ಮುತುವರ್ಜಿ, ಜೊತೆಗೆ ಧಾರಾಳವಾದ ಸುಳ್ಳು. ಖಾಲಿ ತೋಟಾ ಹಾರಿಬೀಳುವ ಕಿಂಡಿ ಅಸಲಿನಲ್ಲಿ ಬಲಗಡೆ ಇದ್ದರೆ, ಆಟಗಾರನಿಗೆ ಚೆಂದ ಕಾಣಲಿ ಎಂದು ಎಡಗಡೆಗೆ ತಂದಿಟ್ಟದ್ದೂ ಉಂಟು. ಅಸಲಿ ಶಬ್ದ ಸಪ್ಪೆ ಎನಿಸಿದರೆ ಕಬ್ಬಿಣದ ಬಾಗಿಲು ಬಡಿದ ಸದ್ದು ಬೆರೆಸುತ್ತೇವೆ. ತಯಾರಕರ ತಕರಾರು ಬರಬಾರದೆಂದು ಹೆಸರಿನ ಒಂದಕ್ಷರ ತಿರುಚುತ್ತೇವೆ. ಇಷ್ಟೆಲ್ಲ ಮಾಡಿ ಕೊನೆಗೆ ಅದನ್ನು 'ರಿಯಲಿಸ್ಟಿಕ್' ಎಂದು ಕರೆಯುತ್ತೇವೆ.

ಹಗಲು ಕಂಪನಿಗಳ ಗುತ್ತಿಗೆ ಕೆಲಸ. ಸಂಜೆಯ ಹೊತ್ತು ಒಂದು ಮಾಡ್‌ಗಾಗಿ ದುಡಿಯುತ್ತಿದ್ದೆ. ಮಾಡ್ ಎಂದರೆ ಈಗಾಗಲೇ ಮಾರುಕಟ್ಟೆಯಲ್ಲಿರುವ ಆಟವೊಂದನ್ನು ಅಭಿಮಾನಿಗಳೇ ಬಿಚ್ಚಿ, ಹೊಸ ಊರು, ಹೊಸ ಆಯುಧ ಸೇರಿಸಿ ಮತ್ತೆ ಹೊಲಿಯುವುದು. ಸಂಬಳವಿಲ್ಲ. ನಮ್ಮ ತಂಡದಲ್ಲಿ ಏಳೆಂಟು ಜನರಿದ್ದರು, ಒಬ್ಬೊಬ್ಬರು ಒಂದೊಂದು ದೇಶದಲ್ಲಿ. ಮುಖ್ಯಸ್ಥ ಪೋಲೆಂಡಿನ ಯಾನ್. ಕೋಡ್ ಬರೆಯುವವನೂ ಅವನೇ. ನಾವೆಲ್ಲ ಟೈಪ್ ಮಾಡಿಯೇ ಮಾತಾಡುತ್ತಿದ್ದೆವು. ಅವರು ನನ್ನನ್ನು 'ಬ್ರೋ' ಎನ್ನುತ್ತಿದ್ದರು. ನಲವತ್ತಾರು ವರ್ಷದ ಹೆಂಗಸು ಎಂದು ತಿದ್ದಲು ಹೋಗಲಿಲ್ಲ. ಮದುವೆ ಮುರಿದು ಹತ್ತು ವರ್ಷವಾಗಿತ್ತು. ಎಷ್ಟೋ ದಿನ ಹಾಲಿನವನೊಬ್ಬನನ್ನು ಬಿಟ್ಟರೆ ಬೇರೆ ಯಾರೊಂದಿಗೂ ಬಾಯಿಬಿಟ್ಟು ಮಾತಾಡಿರುತ್ತಿರಲಿಲ್ಲ. ಆ 'ಬ್ರೋ' ಎಂಬ ಕರೆಗಾಗಿ ಸಂಜೆಯವರೆಗೆ ಕಾಯುತ್ತಿದ್ದೆ ಎಂದರೆ ಓದುವವರಿಗೆ ನಗು ಬರಬಹುದು. ನನಗೆ ಆಗ ನಗು ಬರುತ್ತಿರಲಿಲ್ಲ.

ಸೈನ್ಯದ ಬಂದೂಕುಗಳು ಎಲ್ಲ ಆಟಗಳಲ್ಲೂ ಇವೆ, ನಮ್ಮದರಲ್ಲಿ ಹಳ್ಳಿಗಾಡಿನವು ಇರಲಿ ಎಂಬುದು ಯಾನ್‌ನ ಯೋಚನೆ. ಪ್ರತಿಯೊಬ್ಬರೂ ತಮ್ಮ ಸೀಮೆಯದೊಂದು ತರಬೇಕು. ತನ್ನ ಅಜ್ಜನ ಬೇಟೆ ಬಂದೂಕನ್ನು ಅವನು ಆಗಲೇ ಸೇರಿಸಿದ್ದ. ನನಗೆ ತೋಚಿದ್ದು ನಾಡಬಂದೂಕು, ನಳಿಗೆಯ ಬಾಯಿಂದಲೇ ಮದ್ದು ತುಂಬುವ ಹಳೇ ನಮೂನೆಯದು. ನೀರಿನ ಮೋಟಾರಿನ ಮಾತಿನ ನಡುವೆ ಮನೆ ಓನರ್ ಮುನಿರತ್ನಮ್ಮನನ್ನು ಕೇಳಿದೆ.

"ಕೆಂಚಾರ್ಲಹಳ್ಳೀಲಿ ನಮ್ಮ ಚಿಕ್ಕಪ್ಪನ ಹತ್ರ ಐತೆ ಮೇಡಂ. ಹಂದಿ ಕಾಟಕ್ಕೆ ಅಂತ ಲೈಸೆನ್ಸ್ ಕೊಟ್ಟವ್ರೆ. ಇದುವರ್ಗೂ ಒಂದು ಹಂದಿ ಹೊಡೆದಿಲ್ಲ ಬಿಡಿ," ಎಂದರು.

ಅಕ್ಟೋಬರಿನ ಒಂದು ಬೆಳಗ್ಗೆ ಬಸ್ಸು ಹತ್ತಿ ಹೋದೆ. ಚಿಕ್ಕಪ್ಪನ ಹೆಸರು ರೆಡ್ಡೆಪ್ಪ. ಎಪ್ಪತ್ತು ದಾಟಿದವರು, ಮಗ, ಸೊಸೆ, ಮೊಮ್ಮಕ್ಕಳು ತುಂಬಿದ ಮನೆ. ಆದರೂ ಹಗಲೆಲ್ಲ ಕಡಲೆಕಾಯಿ ಹೊಲದ ಅಂಚಿನಲ್ಲಿ ಒಬ್ಬರೇ ಕೂತಿರುತ್ತಾರೆ ಎಂದು ಸೊಸೆ ದಾರಿ ತೋರಿಸಿದಳು. ಬಸ್ ಸ್ಟಾಪಿನ ಟೀ ಅಂಗಡಿಯಲ್ಲಿ ವಿಳಾಸ ಕೇಳಿದಾಗ ಅಂಗಡಿಯವನು "ಉತ್ತಮಂದು ರೆಡ್ಡೆಪ್ಪನಾ?" ಎಂದು ನಕ್ಕಿದ್ದ. ಆ ಆಂಧ್ರದ ಗಡಿಯಲ್ಲಿ ಅರ್ಧ ಮಾತು ತೆಲುಗು. ಉತ್ತ ಎಂದರೆ ಬರೀ. ಮಂದು ಎಂದರೆ ನಮ್ಮ ಮದ್ದು. ಬರೀ ಮದ್ದು, ಗುಂಡಿಲ್ಲ. ಈ ಮನುಷ್ಯ ಬಂದೂಕಿಗೆ ಎಂದೂ ಗುಂಡು ತುಂಬಿದವರಲ್ಲ. ಮದ್ದು ಜಡಿದು, ಆಕಾಶಕ್ಕೆ ಹಿಡಿದು, ಸದ್ದು ಮಾಡಿಸಿ ಸುಮ್ಮನಾಗುತ್ತಾರೆ. ಅದಕ್ಕೇ ಊರಿನವರಿಟ್ಟ ಅಡ್ಡಹೆಸರು.

ವಿಧಾನಸಭಾ ಚುನಾವಣೆಗೆಂದು ಠಾಣೆಗೆ ಒಪ್ಪಿಸಿದ್ದ ಬಂದೂಕು ವಾಪಸ್ಸು ಬಂದಿತ್ತು. ಠಾಣೆಯವರು ಕಟ್ಟಿದ್ದ ಚೀಟಿಯ ದಾರ ಇನ್ನೂ ಹಾಗೇ ಇತ್ತು. ನಾನು ಎಲ್ಲ ಕೋನದಿಂದ ಫೋಟೊ ತೆಗೆದೆ. ಹಿಡಿಯ ಹತ್ತಿರ ಮರ ಬೆವರಿಗೆ ಕಪ್ಪಾಗಿತ್ತು. ಇಂಥ ಕಲೆಯನ್ನು ಕಂಪ್ಯೂಟರಿನಲ್ಲಿ ತರಲು ನಾನು ದಿನಗಟ್ಟಲೆ ಒದ್ದಾಡಿದ್ದಿದೆ. ರೆಡ್ಡೆಪ್ಪ ಒಂದೊಂದೂ ಹೇಳಿಕೊಡುತ್ತಾ ಮದ್ದು ತುಂಬಿದರು, ನಾನು ವಿಡಿಯೋ ಮಾಡಿಕೊಂಡೆ. ಹೊಲಕ್ಕೆ ನವಿಲುಗಳು ಇಳಿದಿದ್ದವು. ಅವರು ನಳಿಗೆಯನ್ನು ಮೇಲಕ್ಕೆತ್ತಿ ಹಾರಿಸಿದರು. ಸದ್ದು ನಾನೆಣಿಸಿದ್ದಕ್ಕಿಂತ ಒರಟಾಗಿತ್ತು, ಕೆಮ್ಮಿದ ಹಾಗೆ. ನವಿಲುಗಳು ಎದ್ದು ಪಕ್ಕದ ಹಿಪ್ಪುನೇರಳೆ ತೋಟಕ್ಕೆ ಹೋಗಿ ಕೂತವು. ಹೊಗೆ ನಮ್ಮಿಬ್ಬರ ಸುತ್ತ ನಿಧಾನಕ್ಕೆ ಕರಗಿತು.

"ಗುಂಡು ಯಾಕೆ ಹಾಕಲ್ಲ ತಾತ?" ಎಂದೆ.

"ಸದ್ದಿಗೇ ಓಡೋದಕ್ಕೆ ಗುಂಡು ಯಾಕಮ್ಮ? ಉತ್ತ ಮಂದು ಸಾಕು. ಅಂತೇ, ಅಷ್ಟೇ."

ನನ್ನ ಕೆಲಸ ಏನೆಂದು ಲ್ಯಾಪ್‌ಟಾಪ್ ತೆರೆದು ತೋರಿಸಿದೆ. ಯಾನ್‌ನ ಅಜ್ಜನ ಬಂದೂಕಿನಿಂದ ಪರದೆಯ ಮೇಲಿನ ಒಬ್ಬ ಮನುಷ್ಯ ಬಿದ್ದದ್ದನ್ನು ಅವರು ಕಣ್ಣು ಕಿರಿದು ಮಾಡಿ ನೋಡಿದರು. ಮತ್ತೆ ತಮ್ಮ ಬಂದೂಕನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು.

"ಫೋಟೊ ತೆಗೆದಿದ್ದು ತೆಗೆದಾಯ್ತು. ಆದ್ರೆ ಒಂದು ಮಾತು. ನಿನ್ ಆಟದಾಗೆ ಇದರಿಂದ ಒಬ್ರೂ ಸಾಯ್‌ಕೂಡದು. ನಮ್ಮಪ್ಪನ ಕಾಲದಿಂದ ಇದಕ್ಕೆ ಆ ಹೆಸರಿಲ್ಲ."

"ಆಗ್ಲಿ ತಾತ."

"ಸುಮ್ನೆ ಆಗ್ಲಿ ಅನ್‌ಬೇಡ. ಮಾತು ಕೊಡು."

ಕೊಟ್ಟೆ. ಗುಂಡು ಹಾರಿಸುವ ಆಟದಲ್ಲಿ ಯಾರನ್ನೂ ಕೊಲ್ಲದ ಬಂದೂಕು ಬೇಕೆಂದರೆ ಯಾನ್ ಒಪ್ಪುತ್ತಾನೋ ಇಲ್ಲವೋ, ದೇವರಿಗೇ ಗೊತ್ತು. ಬಸ್ಸಿನಲ್ಲಿ ಬರುವಾಗ ಆ ಜಗಳಕ್ಕೆ ಇಂಗ್ಲಿಷ್ ವಾಕ್ಯಗಳನ್ನು ಜೋಡಿಸಿಕೊಳ್ಳುತ್ತಾ ಬಂದೆ.

ಮೂರು ತಿಂಗಳು ಆ ಒಂದು ಬಂದೂಕಿನ ಕೆಲಸಕ್ಕೇ ಕೂತೆ. ಈ ಸಲ ಬಾಗಿಲಿನ ಸದ್ದು ಬೆರೆಸಲಿಲ್ಲ. ಕೆಮ್ಮು ಕೆಮ್ಮಾಗೇ ಇರಲಿ ಎಂದು ಬಿಟ್ಟೆ. ಮಾಡೆಲ್, ಶಬ್ದ, ರೆಡ್ಡೆಪ್ಪನ ವಿಡಿಯೋ ಎಲ್ಲವನ್ನೂ ಕಳಿಸಿ, ಹೆಸರಿನ ಜಾಗದಲ್ಲಿ 'ಉತ್ತಮಂದು' ಎಂದು ತೆಲುಗು ಅಕ್ಷರದಲ್ಲೇ ಬರೆದೆ. ಊರಿನ ಹೆಸರುಗಳೆಂದರೆ ಯಾನ್‌ಗೆ ಇಷ್ಟ. ಕೆಳಗೆ ಷರತ್ತನ್ನೂ ಬರೆದೆ: ಇದರಿಂದ ಯಾರೂ ಸಾಯಬಾರದು, ಒಡೆಯನಿಗೆ ಮಾತು ಕೊಟ್ಟಿದ್ದೇನೆ. "ಅರ್ಥವಾಯಿತು ಬ್ರೋ, ಅದ್ಭುತ," ಎಂದು ಉತ್ತರ ಬಂತು. ಇಷ್ಟು ಸುಲಭವಾಗಿ ಒಪ್ಪಿದನಲ್ಲ ಎಂದು ಆಶ್ಚರ್ಯವಾಯಿತು. ಜೋಡಿಸಿಟ್ಟ ವಾಕ್ಯಗಳು ಹಾಗೇ ಉಳಿದವು.

ಜನವರಿಯಲ್ಲಿ ಪರೀಕ್ಷೆಗೆಂದು ಎಲ್ಲರೂ ಒಟ್ಟಿಗೆ ಆಟಕ್ಕಿಳಿದೆವು. ಅವತ್ತು ಮೊದಲ ಬಾರಿಗೆ ಮೈಕ್ ಹಾಕಲು ಹೇಳಿದ್ದರು. ನಾನು ಹಲೋ ಎಂದದ್ದೇ ತಡ, ಎಲ್ಲರೂ ಗಪ್‌ಚುಪ್. ಆಮೇಲೆ ಯಾರೋ ನಕ್ಕರು, ಯಾರೋ ಸಾರಿ ಅಂದರು, ಆಟ ಶುರುವಾಯಿತು. ಯಾನ್‌ನ ಪಾತ್ರ ಗಾಯಗೊಂಡು ನನ್ನ ಮುಂದೆಯೇ ಬಿದ್ದಿತು. ಹೊಡೆದವನನ್ನು ಹೆದರಿಸಲೆಂದು ನಾನು ಮದ್ದು ಜಡಿದು ಹಾರಿಸಿದೆ. ಹೊಗೆ ಎದ್ದಿತು. ಹೊಗೆಯೊಳಗಿಂದ ಯಾನ್ ಎದ್ದು ನಿಂತ, ಮೈಮೇಲೆ ಒಂದು ಗಾಯವಿಲ್ಲದೆ.

ನನಗೆ ಒಂದೂ ತಿಳಿಯಲಿಲ್ಲ. ಕೇಳಿದರೆ ಯಾನ್‌ಗೇ ಅಚ್ಚರಿ. "ನೀನೇ ಬರೆದಿದ್ದೀಯಲ್ಲ," ಎಂದ. ಉತ್ತಮಂದು ಎಂಬುದನ್ನು ಅವನು ಅನುವಾದದ ಆ್ಯಪ್‌ಗೆ ಹಾಕಿದ್ದ. 'ಬರೀ ಔಷಧಿ' ಎಂದು ಬಂದಿತ್ತು. ತಪ್ಪೇನಲ್ಲ, ನಮ್ಮ ಮದ್ದಿನ ಹಾಗೆ ತೆಲುಗಿನ ಮಂದೂ ಬಂದೂಕಿಗೂ ಆಗುತ್ತದೆ, ಜ್ವರಕ್ಕೂ ಆಗುತ್ತದೆ. ವಿಡಿಯೋದಲ್ಲಿ ಗುಂಡು ಎಲ್ಲೂ ಇಲ್ಲ, ಯಾರೂ ಸಾಯಬಾರದೆಂಬ ಷರತ್ತು ಬೇರೆ. ಇದು ಔಷಧಿ ಹಾರಿಸುವ ಬಂದೂಕು ಎಂದು ತಿಳಿದು, ಬಿದ್ದವರನ್ನು ಎಬ್ಬಿಸುವ ಆಟದ ಔಷಧಿಗಳ ಗುಣವನ್ನೇ ಅದಕ್ಕೆ ಕೊಟ್ಟುಬಿಟ್ಟಿದ್ದ.

ಬಿದ್ದುಬಿದ್ದು ನಕ್ಕೆವು. ಸರಿಮಾಡಲೇ ಎಂದು ಯಾನ್ ಕೇಳಿದ, ಬೇಡ ಎಂದೆ. ಅವತ್ತಿನಿಂದ ನನ್ನ ಸಂಜೆಗಳು ಬದಲಾದವು. ಯಾರಿಗೆ ಪೆಟ್ಟು ಬಿದ್ದರೂ ನನ್ನ ಹೆಸರು ಕೂಗುತ್ತಿದ್ದರು. ನಕ್ಷೆಯ ಮೂಲೆಮೂಲೆಯಿಂದ ಓಡಿಬಂದು ನನ್ನ ಬಂದೂಕಿನ ಮುಂದೆ ಸಾಲಾಗಿ ನಿಲ್ಲುತ್ತಿದ್ದರು. ಬ್ರೋ ಹೋಗಿ ಸಿಸ್ಟರ್ ಆಗಿದ್ದೆ. ಹತ್ತು ವರ್ಷದಲ್ಲಿ ನನ್ನನ್ನು ಅಷ್ಟು ಜನ ಒಟ್ಟಿಗೆ ಹುಡುಕಿಕೊಂಡು ಬಂದದ್ದಿಲ್ಲ. ಸಂತೋಷವಾಗಿತ್ತು, ಅದನ್ನು ಮುಚ್ಚಿಡುವುದೇಕೆ.

ಫೆಬ್ರವರಿಯಲ್ಲಿ ರೆಡ್ಡೆಪ್ಪನಿಗೆ ತೋರಿಸಲು ಹೋದೆ. ಮಾತು ಉಳಿಸಿಕೊಂಡಿದ್ದು ಮಾತ್ರವಲ್ಲ, ಬಡ್ಡಿ ಸಮೇತ ತೀರಿಸಿದ್ದೇನೆಂಬ ಹೆಮ್ಮೆ ನನಗೆ. ಜಗಲಿಯ ಮೇಲೆ ಕೂತು, ಬಿದ್ದವನನ್ನು ಎಬ್ಬಿಸಿ ತೋರಿಸಿದೆ. ಅವರು ಇನ್ನೊಂದು ಸಲ ತೋರಿಸು ಎಂದರು. ಅವನು ಮತ್ತೆ ಎದ್ದ.

"ಏನ್ ಹಾಕಿದೀಯ ಇದಕ್ಕೆ?"

"ಉತ್ತ ಮಂದು ತಾತ. ಅವ್ರು ಮಂದು ಅಂದ್ರೆ ಔಷಧಿ ಅಂದ್ಕೊಂಡ್ರು. ಒಳ್ಳೇದೇ ಆಯ್ತಲ್ಲ, ಇದು ಜನರನ್ನ ಉಳಿಸ್ತೈತೆ."

ಅವರು ಪರದೆಯಿಂದ ಕಣ್ಣು ತೆಗೆದು ಬೀದಿ ಕಡೆ ನೋಡುತ್ತಾ ಕೂತರು.

"ನಮ್ಮನೆಯೋಳಿಗೆ ಎದೆ ನೋವು ಬಂದಾಗ ನಾನು ಚಿಂತಾಮಣಿಗೆ ಮಂದು ತರಕ್ಕೆ ಹೋಗಿದ್ದೆ. ತಂದೆ. ಅವಳು ಇರ್ಲಿಲ್ಲ. ಮಂದು ಕೈಯಾಗೇ ಐತೆ, ಅವಳು ಇಲ್ಲ. ಈ ತುಪಾಕಿ ಆವತ್ತೂ ಗೋಡೆಗೇ ಇತ್ತಮ್ಮ." ಲ್ಯಾಪ್‌ಟಾಪನ್ನು ನನ್ನ ಕಡೆ ತಳ್ಳಿ ಹೇಳಿದರು: "ಕೊಲ್ಲೋದು ಬೇಡ ಅಂದೆ. ಬದುಕಿಸ್ತದೆ ಅಂತ ಸುಳ್ಳು ಹೇಳು ಅನ್ಲಿಲ್ಲ. ತೆಗೆದಾಕು."

ಒಳಗಿನಿಂದ ಸೊಸೆ ಟೀ ತಂದಿಟ್ಟಳು. ಕುಡಿದು ಎದ್ದೆ. ನನಗೆ ಅವರ ಮೇಲೆ ಸಿಟ್ಟೂ ಬಂದಿತ್ತು. ಇವರಿಗೇನು ಗೊತ್ತು, ಆ ಸುಳ್ಳಿನ ಸುತ್ತ ನನ್ನ ಸಂಜೆಗಳೆಲ್ಲ ನಿಂತಿವೆ ಎಂದು. ವಾರವೆಲ್ಲ ಯಾನ್‌ಗೆ ಬರೆಯದೆ ಉಳಿದೆ. ದಿನವೂ ಆಡಲು ಕೂತೆ, ಅವರು ಓಡಿಬಂದಾಗ ಹಾರಿಸಿದೆ, ಅವರು ಎದ್ದರು, ಥ್ಯಾಂಕ್ಸ್ ಸಿಸ್ಟರ್ ಎಂದರು. ಪ್ರತಿ ಸಲವೂ ಚಿಂತಾಮಣಿಯ ಬಸ್ಸಿನಿಂದ ಮಾತ್ರೆಯ ಪೊಟ್ಟಣ ಹಿಡಿದು ಇಳಿಯುವ ರೆಡ್ಡೆಪ್ಪ ಕಣ್ಣಿಗೆ ಕಟ್ಟುತ್ತಿದ್ದರು. ಕೊನೆಗೆ ಬರೆದೆ.

ಯಾನ್ ಕೆಟ್ಟವನಲ್ಲ. ಆದರೆ ಮಾಡ್ ಬಿಡುಗಡೆಗೆ ಮುಂಚೆಯೇ ಆ ಬಂದೂಕಿನ ವಿಡಿಯೋಗಳಿಂದ ಹೆಸರು ಮಾಡಿತ್ತು. "ಅದೇ ನಮ್ಮ ಮಾಡ್‌ನ ಜೀವ. ಕೊಲ್ಲುವುದೂ ಇಲ್ಲ, ಉಳಿಸುವುದೂ ಇಲ್ಲ ಎಂದರೆ ಯಾರು ಅದನ್ನು ಕೈಗೆತ್ತಿಕೊಳ್ಳುತ್ತಾರೆ?" ಎಂದ. ಯಾರೂ ಎತ್ತಿಕೊಳ್ಳದಿದ್ದರೂ ಸರಿ, ಸದ್ದು ಮತ್ತು ಹೊಗೆ ಮಾತ್ರ ಇರಲಿ, ಇಲ್ಲದಿದ್ದರೆ ನನ್ನ ಫೈಲುಗಳನ್ನು ವಾಪಸ್ ತೆಗೆದುಕೊಳ್ಳುತ್ತೇನೆ ಎಂದೆ. ಎರಡು ದಿನ ತಂಡದಲ್ಲಿ ವಾದ ನಡೆಯಿತು. ನನ್ನ ಪರವಾಗಿ ಯಾರೂ ಬರೆಯಲಿಲ್ಲ. ಮೂರನೆಯ ದಿನ ಯಾನ್ ನಾನು ಕೇಳಿದ ಹಾಗೆ ಬದಲಿಸಿ ಕಳಿಸಿದ. ಜೊತೆಗೆ ಒಂದು ಸಾಲು: ಮುಂದಿನ ಆಯುಧಗಳಿಗೆ ಬೇರೆಯವರು ಸಿಕ್ಕಿದ್ದಾರೆ, ಇಷ್ಟು ದಿನ ಮಾಡಿದ್ದಕ್ಕೆ ಧನ್ಯವಾದ. ಮರುದಿನ ತಂಡದ ಚಾಟ್ ಚಾನೆಲ್ ನನಗೆ ತೆರೆಯಲಿಲ್ಲ. ಆ ಸಂಜೆ ಏನು ಮಾಡಬೇಕೆಂದು ತಿಳಿಯದೆ ಅಡುಗೆಮನೆಯ ಡಬ್ಬಗಳನ್ನೆಲ್ಲ ಇಳಿಸಿ ತೊಳೆದೆ. ತೊಳೆಯುತ್ತಾ ಅತ್ತೆ.

ಏಪ್ರಿಲ್‌ನಲ್ಲಿ ಲೋಕಸಭಾ ಚುನಾವಣೆ. ಬಂದೂಕುಗಳೆಲ್ಲ ಮತ್ತೆ ಠಾಣೆ ಸೇರಿದ್ದವು. ರೆಡ್ಡೆಪ್ಪನ ಕಣ್ಣು ಮಂಜಾಗಿತ್ತು. ಈ ಸಲ ಕೊಟ್ಟಿದ್ದನ್ನು ವಾಪಸ್ ತರುವುದಿಲ್ಲ, ಲೈಸೆನ್ಸೂ ಸಾಕು ಎಂದು ಬರೆದುಕೊಟ್ಟು ಬಂದಿದ್ದರು. ನಾನು ಹೋದಾಗ ಗೋಡೆಯಲ್ಲಿ ಎರಡು ಮೊಳೆ ಮಾತ್ರ ಇದ್ದವು. ಪರದೆ ಕಾಣುವುದಿಲ್ಲ ಬಿಡು ಎಂದರು. ಹಾಗಾದರೆ ಕೇಳಿ ಎಂದು ಹೆಡ್‌ಫೋನನ್ನು ಅವರ ಕಿವಿಗಿಟ್ಟೆ. ಆಟದೊಳಗಿನ ಬಯಲಿನಲ್ಲಿ ನಿಂತು ಗಜದ ಕೋಲಿನಿಂದ ನಳಿಗೆಯೊಳಗೆ ಮದ್ದು ಜಡಿದೆ. ಆ ಸದ್ದಿಗೆ ಅವರ ಬೆರಳುಗಳು ತಾವಾಗಿಯೇ ಮಡಿಚಿಕೊಂಡವು. ಆಕಾಶಕ್ಕೆ ಹಾರಿಸಿದೆ. ಯಾರೂ ಬೀಳಲಿಲ್ಲ, ಯಾರೂ ಏಳಲಿಲ್ಲ.

ರೆಡ್ಡೆಪ್ಪ ಹೆಡ್‌ಫೋನನ್ನು ಎರಡೂ ಕೈಯಿಂದ ಒತ್ತಿ ಹಿಡಿದು, ಸದ್ದು ಪೂರ್ತಿ ಆರುವವರೆಗೆ ಕೂತಿದ್ದರು.

"ಹೂಂ. ಇದು ನಂದೇ."

ನನ್ನ ಕೆಲಸದಲ್ಲಿ ನಿಜದ ಹಾಗೆ ಎಂದರೆ ಗೀರು, ತುಕ್ಕು, ಬೆವರಿನ ಕಲೆ ಎಂದು ಇಪ್ಪತ್ತು ವರ್ಷ ನಂಬಿದ್ದೆ. ಒಂದು ವಸ್ತು ಯಾರ ಕೈಯಲ್ಲಿ ಏನು ಮಾಡಿತು, ಏನು ಮಾಡಲಿಲ್ಲ ಎಂಬುದೂ ಅದರ ಅಳತೆಯೊಳಗೇ ಬರುತ್ತದೆ ಎಂದು ಈಗ ಗೊತ್ತು. ಅದನ್ನು ಬಿಟ್ಟು ಉಳಿದುದೆಲ್ಲವನ್ನೂ ಸರಿಯಾಗಿ ಮಾಡಿದರೂ ಸುಳ್ಳೇ. ಆ ಮಾಡ್ ಇಂದಿಗೂ ಓಡುತ್ತಿದೆ. ಉತ್ತಮಂದು ಆಯುಧಗಳ ಸಾಲಿನಲ್ಲಿ ಕೊನೆಗಿದೆ, ಯಾರೂ ಅದನ್ನು ಆರಿಸುವುದಿಲ್ಲ. ನಾನು ಆಗಾಗ ಒಬ್ಬಳೇ ಒಳಗೆ ಹೋಗಿ ಒಂದು ಸಲ ಹಾರಿಸಿ ಬರುತ್ತೇನೆ.